ಹೆರಿಬರ್ಟ್ ಬಿಲೆನ್ ತೋಡಿದ ಹಳ್ಳ

ನಮ್ಮ ಟ್ರಿಯರ್ ಊರಿನಲ್ಲಿ ನೆಲ ಅಗೆಯಲು ಹೊರಟವನು ಮೊದಲು ಆಚೀಚೆ ನೋಡುತ್ತಾನೆ, ಆಮೇಲೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾನೆ, ಆಮೇಲೆ ಗುದ್ದಲಿಯನ್ನು ಒಳಗಿಟ್ಟು ಸುಮ್ಮನೆ ಕೂರುತ್ತಾನೆ. ಬುದ್ಧಿವಂತರ ಲಕ್ಷಣ ಅದು. ಬೇರೆ ಊರುಗಳಲ್ಲಿ ಬೆಟ್ಟ ಅಗೆದರೆ ಇಲಿ ಸಿಗುತ್ತದಂತೆ. ನಮ್ಮಲ್ಲಿ ಇಲಿಬಿಲ ಮುಚ್ಚಲು ಹೋದವನಿಗೆ ರೋಮ್ ಸಾಮ್ರಾಜ್ಯ ಸಿಗುತ್ತದೆ. ಸಿಕ್ಕಿತೋ, ಕೆಟ್ಟ. ಪುರಾತತ್ವದವರು ಬರುತ್ತಾರೆ, ಹಗ್ಗ ಕಟ್ಟುತ್ತಾರೆ, ಕುಂಚ ಹಿಡಿದು ಕೂರುತ್ತಾರೆ. ಗ್ಯಾರೇಜು ಕಟ್ಟಲು ಹೊರಟವನ ಮೊಮ್ಮಗ ಕಾರು ಕಲಿತು, ಕಾರು ಕೊಂಡು, ಕಾರು ಗುಜರಿಗೆ ಹಾಕಿದರೂ ಗ್ಯಾರೇಜು ಎದ್ದಿರುವುದಿಲ್ಲ.

ಈ ಸಾಮ್ರಾಜ್ಯವನ್ನೇ ನಂಬಿ ಅನ್ನ ತಿನ್ನುವವರೂ ಇದ್ದೇವೆ. ನಾನು ತಗಡಿನ ಶಿರಸ್ತ್ರಾಣ ಹಾಕಿಕೊಂಡು, ಬರಿಗಾಲ ಮೇಲೆ ಚಪ್ಪಲಿ ಬಿಗಿದು, ನೋಡಲು ಬಂದವರನ್ನು ಕರಿ ಹೆಬ್ಬಾಗಿಲಿನಿಂದ ಸ್ನಾನಗೃಹದ ಹಾಳುಗೋಡೆಯವರೆಗೆ ನಡೆಸುವವನು. ರೋಮನ್ನರು ಬಿದ್ದುಹೋಗಿ ಇಷ್ಟು ಕಾಲವಾದರೂ ನಮ್ಮೂರಿನಲ್ಲಿ ಅವರಿಗಿಂತ ಹೆಚ್ಚು ಸಂಪಾದಿಸುವವರಿಲ್ಲ, ಅವರಿಗಿಂತ ಹೆಚ್ಚು ತೊಂದರೆ ಕೊಡುವವರೂ ಇಲ್ಲ.

ಹೆರಿಬರ್ಟ್ ಬಿಲೆನ್ ನನ್ನ ಎಡಪಕ್ಕದ ಮನೆಯವನು. ಊರಿನ ಬಸ್ಸು ಓಡಿಸುತ್ತಿದ್ದ. ನಿವೃತ್ತನಾಗುವ ದಿನವೂ ಮೂರನೇ ನಂಬರಿನ ಬಸ್ಸನ್ನು ಏಳನೇ ನಂಬರಿನ ದಾರಿಗೆ ತಿರುಗಿಸಿದ್ದ. ಪ್ರಯಾಣಿಕರು 'ಇದು ನಮ್ಮ ದಾರಿ ಅಲ್ಲ' ಎಂದು ಕೂಗಿಕೊಂಡರೆ, 'ನಂದೂ ಅಲ್ಲ' ಎಂದನಂತೆ. ಹೆಂಡತಿ ಗುಡ್ರುನ್ ಹೋದ ವರ್ಷದ ಹಿಂದಿನ ವಸಂತದಲ್ಲಿ ತೀರಿಕೊಂಡಳು. ಆಮೇಲೆ ಆ ಇಕ್ಕಟ್ಟು ಮನೆಯಲ್ಲಿ ಉಳಿದದ್ದು ಅವನು ಮತ್ತು ಅವಳ ತಾಯಿ ಅಪೊಲೋನಿಯಾ. ನಮಗೆಲ್ಲ ಲೋನಿ ಅಜ್ಜಿ. ಮಗಳು ಹೋದ ಮೇಲೆ ಅತ್ತೆ ಅಳಿಯ ಒಂದೇ ಸೂರಿನಡಿ ಇರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಇಬ್ಬರೂ ಬೆಳಗಿನಿಂದ ಬೈಗಿನವರೆಗೆ ಜಗಳವಾಡುತ್ತಿದ್ದರು. ಜಗಳ ನಿಂತರೆ ಗುಡ್ರುನ್ ಇಲ್ಲದಿರುವುದು ಕೇಳಿಸುತ್ತಿತ್ತು. ಹಾಗಾಗಿ ನಿಲ್ಲಿಸುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅಜ್ಜಿ ಬಸ್ಸು ಹತ್ತಿ ಲಕ್ಸೆಂಬರ್ಗಿಗೆ ಕಾಫಿಪುಡಿ ತರಲು ಹೋದರು. ನಮ್ಮೂರಿನವರು ಗಡಿ ದಾಟುವುದು ಎರಡೇ ಕಾರಣಕ್ಕೆ: ಅಲ್ಲಿ ಪೆಟ್ರೋಲು ಅಗ್ಗ, ಕಾಫಿ ಅಗ್ಗ. ಎರಡೂ ಸಿಗುವುದು ಪೆಟ್ರೋಲ್ ಬಂಕಿನಲ್ಲೇ. ಅಲ್ಲಿನ ಎಣ್ಣೆ ನೆಲದ ಮೇಲೆ ಕಾಫಿ ಚೀಲ ಹಿಡಿದೇ ಜಾರಿದರು. ಚೀಲ ಒಡೆಯಲಿಲ್ಲ, ಸೊಂಟ ಒಡೆಯಿತು.

ಆಸ್ಪತ್ರೆಯ ಹಾಸಿಗೆಯಿಂದ ಅಜ್ಜಿ ಅಳಿಯನಿಗೆ ಕೊಟ್ಟ ಮೊದಲ ಆಜ್ಞೆ ನೀರಿನದಲ್ಲ, ಔಷಧಿಯದಲ್ಲ.

"ನಾನು ಬಿದ್ದೆ ಅಂತ ಆ ಮೆರ್ಟೆಸ್ ಕಿವಿಗೆ ಬಿದ್ರೆ ನಾನು ಇಲ್ಲೇ ಪ್ರಾಣ ಬಿಡ್ತೀನಿ. ನನಗಿಂತ ದೊಡ್ಡೋಳು, ಇನ್ನೂ ಏಣಿ ಹತ್ತಿ ಚೆರ್ರಿ ಕೀಳ್ತಾಳೆ. ಕೇಳಿದ್ರೆ ಮಯೋರ್ಕಾ ದ್ವೀಪಕ್ಕೆ ಹೋಗಿದ್ದಾರೆ, ಸಮುದ್ರಸ್ನಾನಕ್ಕೆ, ಅಂತ ಹೇಳು."

"ಅತ್ತೆ, ನಿಮಗೆ ಈಜು ಬರಲ್ಲ."

"ನಡೆಯೋಕೂ ಬರಲ್ಲ ಈಗ. ಹೇಳಿದಷ್ಟು ಹೇಳು."

ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರೌ ಎನ್ನುವುದು ನಮ್ಮ ಕಡೆಯ ಮರ್ಯಾದೆ; ಈ ಫ್ರೌ ಮೆರ್ಟೆಸ್ ಹೆರಿಬರ್ಟನ ಇನ್ನೊಂದು ಪಕ್ಕದ ಮನೆಯವರು. ಇಬ್ಬರು ಮುದುಕಿಯರ ನಡುವೆ ಒಂದು ಬೇಲಿ, ಬೇಲಿಗಿಂತ ಎತ್ತರವಾದ ಪೈಪೋಟಿ.

ಅಕ್ಟೋಬರ್ ಮುಗಿಯುವಾಗ ಚೇತರಿಕೆ ಕೇಂದ್ರದ ಸಮಾಜಸೇವಕಿಯೊಬ್ಬರು ಹೆರಿಬರ್ಟನಿಗೆ ಫೋನು ಮಾಡಿದರು. ಅಜ್ಜಿ ಇನ್ನು ಮೆಟ್ಟಿಲು ಹತ್ತುವಂತಿಲ್ಲ. ಮನೆಯ ಒಂದೇ ಶೌಚಾಲಯ ಇರುವುದು ಮಹಡಿ ಮೇಲೆ, ಕೋಳಿಗೂಡಿನ ಏಣಿಯಂಥ ಮೆಟ್ಟಿಲಿನ ತುದಿಗೆ. ನೆಲಮಟ್ಟದಲ್ಲಿ ಒಂದು ಆಗದಿದ್ದರೆ ವೃದ್ಧಾಶ್ರಮವೇ ಗತಿ, ಹಾಸಿಗೆಯೊಂದು ಖಾಲಿ ಇದೆ, ನವೆಂಬರ್ ಕೊನೆಗೆ ಹೇಳಬೇಕು. ಅಜ್ಜಿಯ ತಂಗಿ ಅದೇ ಆಶ್ರಮಕ್ಕೆ ಹೋಗಿದ್ದರು. ಒಳಗೆ ಕೈಗೋಲು ಹಿಡಿದು ಹೋದವರು ಹೊರಗೆ ಬಂದದ್ದು ನಾಲ್ಕು ಜನರ ಹೆಗಲ ಮೇಲೆ.

ಈಗ ಹೆರಿಬರ್ಟ್ 'ನೋಡೋಣ' ಎನ್ನಬಹುದಿತ್ತು. 'ಪ್ರಯತ್ನಿಸುತ್ತೇನೆ' ಎನ್ನಬಹುದಿತ್ತು. ಆದರೆ ಗಂಡಸಿನ ಬಾಯಿ ಅವನ ಬಸ್ಸಿನ ಹಾಗೆ, ಎಲ್ಲಿ ತಿರುಗುತ್ತದೆಂದು ಅವನಿಗೇ ಗೊತ್ತಿರುವುದಿಲ್ಲ.

"ಶೌಚಾಲಯನಾ?" ಎಂದು ನಕ್ಕ. "ಅದು ಆಗಲೇ ಮುಗೀತಾ ಬಂತಲ್ಲಾ! ಟೈಲ್ಸ್ ಯಾವ ಬಣ್ಣ ಅಂತ ಅತ್ತೇನ ಕೇಳಿ ಹೇಳಿ."

ಅಜ್ಜಿ ಹಸಿರು ಎಂದರು. ಆಗ ಮನೆಯಲ್ಲಿ ಒಂದು ಇಟ್ಟಿಗೆಯೂ ಇರಲಿಲ್ಲ.

ಪ್ಲಂಬರ್ ಬಂದು ನೋಡಿದ. ಅಡಿಗೆಮನೆ ಪಕ್ಕದ ಉಗ್ರಾಣದಲ್ಲಿ ಕಮೋಡು ಕೂರುತ್ತದೆ, ಆದರೆ ಕೊಳವೆ ಹಿತ್ತಿಲು ದಾಟಿ ಓಣಿಯ ಚರಂಡಿಗೆ ಸೇರಬೇಕು. "ಹಳ್ಳ ನೀವೇ ತೋಡಿಡಿ, ಹೆರ್ ಬಿಲೆನ್. ಸೊಂಟದಾಳ ಇರ್ಲಿ. ತೋಡಿದ ಮೇಲೆ ಫೋನ್ ಮಾಡಿ. ಏನಾದ್ರೂ ಸಿಕ್ಕಿದ್ರೆ ಮಾತ್ರ ಫೋನ್ ಮಾಡ್ಬೇಡಿ, ನನ್ನ ನಂಬರ್ರೇ ಅಳಿಸಿಬಿಡಿ."

ನವೆಂಬರ್ ನಮ್ಮಲ್ಲಿ ಸತ್ತವರ ತಿಂಗಳು. ಮೋಸೆಲ್ ನದಿಯಿಂದ ಮಂಜು ಎದ್ದು ಓಣಿಗಳಲ್ಲಿ ಬಾಡಿಗೆದಾರನ ಹಾಗೆ ಕೂತುಬಿಡುತ್ತದೆ. ಮಳೆ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮೊದಲ ದಿನ ಎಲ್ಲರೂ ಸ್ಮಶಾನಕ್ಕೆ ಹೋಗಿ ತಮ್ಮವರ ಗೋರಿಗಳ ಮೇಲೆ ಕೆಂಪು ಗಾಜಿನ ದೀಪ ಇಟ್ಟು ಬರುತ್ತೇವೆ. ಹೆರಿಬರ್ಟ್ ಗುಡ್ರುನಳಿಗೆ ಒಂದು ದೀಪ ಸಾಲದೆಂದು ಎರಡು ಕೊಂಡ, ಹೋಗುವಾಗ ಒಂದನ್ನು ಮರೆತ. ಉಳಿದ ದೀಪ ಅಡಿಗೆಮನೆಯಲ್ಲಿತ್ತು. ಅದರ ಕಥೆ ಈಗ ಬರುತ್ತದೆ.

ಮರುದಿನದಿಂದ ಹಳ್ಳ. ಅವನು ಅಗೆಯುವ ಸದ್ದು ಬೇಲಿಯಾಚೆಯಿಂದ ನನಗೆ ಕೇಳುತ್ತಿತ್ತು: ಚಕ್, ಚಕ್, ಉಸ್ಸಪ್ಪಾ. ಒಂದು ವಾರ ಹಾಗೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಚಕ್ ಎನ್ನುವ ಕಡೆ ಟಣ್ ಎಂದಿತು. ಆಮೇಲೆ ಏನೂ ಇಲ್ಲ. ಉಸ್ಸಪ್ಪಾ ಕೂಡ ಇಲ್ಲ.

ಸಂಜೆಯಷ್ಟರಲ್ಲಿ ಹಳ್ಳದ ಮೇಲೆ ತಾಡಪಾಲು, ತಾಡಪಾಲಿನ ಮೇಲೆ ಬೇಸಿಗೆಯ ಬಿಯರ್ ಹಬ್ಬದ ಬಿಳಿ ಡೇರೆ ಎದ್ದಿದ್ದವು. ನಾನು ಬೇಲಿ ದಾಟಿ ಹೋದೆ.

"ಏನೋ ಇದು, ಹೆರಿಬರ್ಟ್?"

"ಏನೂ ಇಲ್ಲ."

"ಏನೂ ಇಲ್ದಿದ್ದಕ್ಕೆ ಡೇರೆ ಯಾಕೆ?"

"ನೆನೀಬಾರ್ದಲ್ಲ."

"ಏನು ನೆನೀಬಾರ್ದು?"

"ಏನೂ ಇಲ್ದಿರೋದು." ಎಂದವನೇ ನನ್ನ ಕೈ ಹಿಡಿದುಕೊಂಡ. "ಕಾಸ್ಪರ್, ನೀನು ನೋಡಲ್ಲ ಅಂತ ಆಣೆ ಮಾಡು, ತೋರಿಸ್ತೀನಿ."

ತಾಡಪಾಲು ಎತ್ತಿದ. ಕೆಸರಿನಲ್ಲಿ ಇಟ್ಟಿಗೆಯ ಗಿಡ್ಡ ಕಂಬಗಳ ಸಾಲು, ಅವುಗಳ ಮೇಲೆ ಅಂಗೈಯಷ್ಟು ಕೆಂಪು ಗಾರೆಯ ನೆಲ. ರೋಮನ್ನರು ನೆಲದಡಿ ಬಿಸಿ ಹೊಗೆ ಹಾಯಿಸಿ ಚಳಿಗಾಲದಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದರಲ್ಲ, ಆ ಬಿಸಿನೆಲದ ಕಂಬಗಳು. ನೋಡಲು ಬಂದವರ ಮುಂದೆ ಇಂಥ ಒಂದೇ ಕಂಬಕ್ಕೆ ನಾನು ಅರ್ಧ ಗಂಟೆ ಮಾತು ಸುತ್ತಬಲ್ಲೆ. ಆ ದಿನ ನನ್ನ ಬಾಯಿಂದ ಬಂದದ್ದು ಇಷ್ಟೇ:

"ಅಯ್ಯೋ ಪಾಪ."

"ಅಲ್ವಾ?" ಎಂದು ಹೆರಿಬರ್ಟ್ ಮೂಗೊರೆಸಿಕೊಂಡ. "ಶುಕ್ರವಾರ ಪ್ಲಂಬರ್ ಬರ್ತಾನೆ. ಕಂಬದ ಸಂದೀಲಿ ಕೊಳವೆ ತೂರಿಸಿ ಮಣ್ಣು ಮುಚ್ಚಿಬಿಡ್ತೀನಿ. ಇವ್ರು ಇಷ್ಟು ಕಾಲ ಕಾದಿದ್ದಾರೆ, ಇನ್ನೊಂದಿಷ್ಟು ಕಾಯ್ತಾರೆ. ಅತ್ತೆ ಕೈಲಿ ಅಷ್ಟು ಟೈಮಿಲ್ಲ."

ಬೇಗ ಕತ್ತಲಾಗುವ ದಿನಗಳು. ಕತ್ತಲಲ್ಲಿ ತಾನೇ ಹಳ್ಳಕ್ಕೆ ಬೀಳಬಾರದೆಂದು ಡೇರೆಯೊಳಗೆ ಒಂದು ದೀಪ ಇಡಬೇಕೆನಿಸಿತು ಅವನಿಗೆ. ಅಡಿಗೆಮನೆಯಲ್ಲಿ ಉಳಿದಿದ್ದ ದೀಪ ತಂದು ಹಳ್ಳದ ತಲೆಯ ಕಡೆ ಇಟ್ಟ. ನೀವೇ ಒಮ್ಮೆ ಊಹಿಸಿಕೊಳ್ಳಿ. ಸತ್ತವರ ತಿಂಗಳು, ಮಂಜು, ಬಿಳಿ ಡೇರೆ, ಒಳಗೆ ಮನುಷ್ಯನಷ್ಟುದ್ದದ ಹಳ್ಳ, ಅದರ ತಲೆಗೆ ಗೋರಿಯ ಕೆಂಪು ದೀಪ. ಬೇಲಿಯಾಚೆ ಫ್ರೌ ಮೆರ್ಟೆಸ್, ಕೊಡೆ ಹಿಡಿದು.

"ಹೆರಿಬರ್ಟ್, ಏನಪ್ಪಾ ಅಗೀತಿದ್ದೀಯ?"

"ಆಲೂಗಡ್ಡೆಗೆ, ಫ್ರೌ ಮೆರ್ಟೆಸ್."

"ನವೆಂಬರಲ್ಲಿ?"

"ತಡವಾಗಿ ಬರೋ ತಳಿ."

"ಇಷ್ಟು ಉದ್ದ ಯಾಕೆ?"

"ಉದ್ದನೆ ಆಲೂಗಡ್ಡೆ."

ಫ್ರೌ ಮೆರ್ಟೆಸ್ ಸ್ವಲ್ಪ ಹೊತ್ತು ದೀಪವನ್ನೇ ನೋಡಿದರು. "ಲೋನಿ ಕಾಣಿಸ್ತಿಲ್ಲ, ತುಂಬಾ ದಿನ ಆಯ್ತು."

ಇಲ್ಲಿ ಮಯೋರ್ಕಾ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಹೆರಿಬರ್ಟನ ತಲೆಯಲ್ಲಿ ಆಗ ಪೂರ್ತಿ ರೋಮ್ ತುಂಬಿತ್ತು, ದ್ವೀಪಕ್ಕೆ ಜಾಗವಿರಲಿಲ್ಲ.

"ತೀರ್ಥಯಾತ್ರೆಗೆ ಹೋಗಿದ್ದಾರೆ. ಲೂರ್ದಿಗೆ" ಎಂದ.

ಮರುದಿನ ಬೇಕರಿಯಲ್ಲಿ ಸಭೆ ಸೇರಿತು. ನಾನೂ ಬ್ರೆಡ್ಡಿಗೆ ಸಾಲಿನಲ್ಲಿದ್ದೆ. ಬೇಕರಿಯ ಹೆಂಗಸಿಗೆ ಹೆರಿಬರ್ಟ್ ಮಯೋರ್ಕಾ ಎಂದಿದ್ದ. ಫ್ರೌ ಮೆರ್ಟೆಸ್‌ಗೆ ಲೂರ್ದ್. ನಮ್ಮ ಪಾದ್ರಿಯವರಿಗೆ 'ತಂಗಿ ಮನೆಗೆ ಹೋಗಿದ್ದಾರೆ' ಎಂದಿದ್ದ. ತಂಗಿಯನ್ನು ಮಣ್ಣು ಮಾಡಿಸಿದ್ದು ಆ ಪಾದ್ರಿಯವರೇ.

"ತಂಗಿ ಹತ್ರ ಹೋಗಿದ್ದಾಳೆ ಅಂದನಾ?" ಫ್ರೌ ಮೆರ್ಟೆಸ್ ಎದೆಗೆ ಕೈ ಇಟ್ಟುಕೊಂಡರು. "ಹಾಗಾದ್ರೆ ನಿಜಾನೇ ಹೇಳ್ಬಿಟ್ಟಿದ್ದಾನೆ!"

"ಮಯೋರ್ಕಾದಲ್ಲಿ ಬಿಸಿಲಂತೆ" ಎಂದಳು ಬೇಕರಿಯವಳು, ತಾನು ಕೇಳಿದ ಸುಳ್ಳನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ.

"ಬಿಸಿಲಿಗೆ ಹೋಗೋರು ಹಲ್ಲಿನ ಸೆಟ್ಟು ಬಿಟ್ಟು ಹೋಗ್ತಾರೇನೇ? ಅಡಿಗೆಮನೆ ಕಿಟಕೀಲಿ, ಲೋಟದೊಳಗೆ ಕೂತ್ಕೊಂಡು ನನ್ನ ನೋಡಿ ನಗ್ತಾ ಇದೆ!"

ಅದು ಹಳೆಯ ಸೆಟ್ಟು. ಅಜ್ಜಿ ಯಾವುದನ್ನೂ ಎಸೆಯುವವರಲ್ಲ. ನಾನು ಹೇಳಲು ಬಾಯಿ ತೆರೆದೆ. ಹಲ್ಲಿನ ವಿಷಯ ಹೇಳಿದರೆ ಸೊಂಟದ ವಿಷಯ ಹೇಳಬೇಕು, ಸೊಂಟ ಹೇಳಿದರೆ ಶೌಚಾಲಯ, ಶೌಚಾಲಯ ಹೇಳಿದರೆ ಹಳ್ಳ, ಹಳ್ಳ ಹೇಳಿದರೆ ರೋಮ್. ಬ್ರೆಡ್ಡು ತೆಗೆದುಕೊಂಡು ಬಂದುಬಿಟ್ಟೆ. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳಂತೆ ಎನ್ನುವ ಮಾತು ಕೇಳಿದ್ದೇವೆ. ಇಲ್ಲಿ ಅತ್ತೆ ಸಾಯದೆಯೇ ಊರಿಗೆ ಊರೇ ಅಳುತ್ತಿತ್ತು, ಒಬ್ಬ ಅಳಿಯನನ್ನು ಬಿಟ್ಟು.

ಗುರುವಾರ ಹತ್ತೂವರೆಯ ಹೊತ್ತಿಗೆ ಪೊಲೀಸ್ ಥೀಲೆನ್ ಬಂದ. ದಪ್ಪ ಮೀಸೆಯ, ಸದಾ ನೆಗಡಿಯ ಮನುಷ್ಯ. ಅವನ ಹಿಂದೆ ಫ್ರೌ ಮೆರ್ಟೆಸ್, ಕಪ್ಪು ಕೋಟು ತೊಟ್ಟು, ಅಂತ್ಯಕ್ರಿಯೆಗೆ ತಯಾರಾಗಿಯೇ ಬಂದಿದ್ದರು. ನಾನು ಆಗ ತಾನೇ ಹಾಲೆಂಡಿನಿಂದ ಬಂದ ನಿವೃತ್ತ ಮೇಷ್ಟರುಗಳ ಗುಂಪೊಂದನ್ನು ಓಣಿಯ ತುದಿಯ ಕಾಫಿ ಅಂಗಡಿಯಲ್ಲಿ ಕೂರಿಸಿ, ಮನೆಯಿಂದ ಕೊಡೆ ತರಲು ಬಂದಿದ್ದೆ. ಕೊಡೆ ಅಲ್ಲೇ ಉಳಿಯಿತು.

"ಹೆರ್ ಬಿಲೆನ್, ನಿಮ್ಮ ಅತ್ತೆ ಎಲ್ಲಿದ್ದಾರೆ?" ಥೀಲೆನ್ ಸೀನಿದ.

ಹೆರಿಬರ್ಟ್ ಫ್ರೌ ಮೆರ್ಟೆಸ್ ಮುಖ ನೋಡಿದ. ಅತ್ತೆಯ ಆಜ್ಞೆ ನೆನಪಾಯಿತು. ಥೀಲೆನನ ಕಿವಿಯಲ್ಲಿ ಚೇತರಿಕೆ ಕೇಂದ್ರದ ಹೆಸರು ಪಿಸುಗುಟ್ಟಿದ. ಥೀಲೆನ್ ಅಲ್ಲೇ ನಿಂತು ಫೋನು ಮಾಡಿದ, ಕೇಳಿದ, ತಲೆಯಾಡಿಸಿದ, ಇಟ್ಟ.

"ಆ ಹೆಸರಿನೋರು ಯಾರೂ ಇಲ್ವಂತೆ."

ಯಾಕೆ ಇರುತ್ತಾರೆ? ಅಜ್ಜಿ ಸೇರಿದ ದಿನವೇ ಕಚೇರಿಯವರಿಗೆ ತಾಕೀತು ಮಾಡಿದ್ದರು: ಟ್ರಿಯರಿನಿಂದ ಯಾರೇ ಫೋನು ಮಾಡಿದರೂ ನಾನಿಲ್ಲ.

"ಡೇರೆಯೊಳಗೆ ಏನಿದೆ?"

"ಆಲೂಗಡ್ಡೆ."

"ತಾಡಪಾಲು ಎತ್ತಿ."

ಹೆರಿಬರ್ಟ್ ಹಳ್ಳಕ್ಕೆ ಅಡ್ಡ ನಿಂತ. ಅವನ ಮುಖದಲ್ಲಿ ಒಂದು ಲೆಕ್ಕಾಚಾರ ಓಡುವುದನ್ನು ನಾನು ಕಣ್ಣಾರೆ ಕಂಡೆ. ಎತ್ತಿದರೆ ರೋಮ್ ಬಯಲು, ಪ್ಲಂಬರ್ ಇಲ್ಲ, ಅತ್ತೆಗೆ ಆಶ್ರಮ. ಎತ್ತದಿದ್ದರೆ? ಟ್ರಿಯರಿನಲ್ಲಿ ಹುಟ್ಟಿದ ಮನುಷ್ಯ ಮಾತ್ರ ಮಾಡಬಹುದಾದ ತೀರ್ಮಾನ ಮಾಡಿದ. ಎರಡೂ ಕೈ ಮುಂದೆ ಚಾಚಿದ.

"ಎತ್ತೋದು ಬೇಡ. ನಾನೇ ಕೊಂದೆ ಅಂತ ಬರ್ಕೊಳ್ಳಿ."

ಫ್ರೌ ಮೆರ್ಟೆಸ್ ಬೇಲಿ ಹಿಡಿದುಕೊಂಡರು. "ಅಯ್ಯೋ, ಲೋನೀ..."

"ಒಂದೇ ಮಾತು, ಥೀಲೆನ್ ಅವ್ರೇ" ಎಂದ ಹೆರಿಬರ್ಟ್. "ಒಪ್ಕೊಂಡೋರ್ನ ಒಂದಿನಕ್ಕೆ ಬಿಡ್ತೀರಾ? ನಾಳೆ ಪ್ಲಂಬರ್ ಬರ್ತಾನೆ. ಅವನು ಹೋದ್ಮೇಲೆ ನಾನೇ ಬಂದು ಒಳಗೆ ಕೂತ್ಕೋತೀನಿ. ಅತ್ತೆ ಬರೋದ್ರೊಳಗೆ ಬಿಟ್ರೆ ಸಾಕು."

"ಯಾವ ಅತ್ತೆ?"

"ನಾನು ಕೊಂದಿರೋ ಅತ್ತೆ."

ಥೀಲೆನ್ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಾಡಪಾಲು ಎತ್ತಿದ. ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಮಳೆನೀರು ಅವನ ಟೊಪ್ಪಿಗೆಯಿಂದ ಕಂಬಗಳ ಮೇಲೆ ಹನಿಯುತ್ತಿತ್ತು. ಕೊನೆಗೆ ಎದ್ದು ಟೊಪ್ಪಿಗೆ ತೆಗೆದ, ಹೆಣದ ಮುಂದೆ ತೆಗೆಯುವ ಹಾಗೆ.

"ಬಿಸಿನೆಲ" ಎಂದ.

"ಹೂಂ."

"ನಮ್ಮ ಮಾವನ ಮನೇಲಿ ಗೋಡೆ ಸಿಕ್ತು. ನೆಲಮಾಳಿಗೇಲಿ. ಮಾವ ಹೋದ್ರು, ಗೋಡೆ ಇದೆ." ಹೆರಿಬರ್ಟನ ಹೆಗಲ ಮೇಲೆ ಕೈ ಇಟ್ಟ. "ಇದಕ್ಕಿಂತ ಹೆಣ ಆಗಿದ್ರೇ ಚೆನ್ನಾಗಿತ್ತು ಕಣ್ರೀ. ಹೆಣ ಆದ್ರೆ ಊಟದ ಹೊತ್ತಿಗೆ ತೆಗೆದು ಜಾಗ ಖಾಲಿ ಮಾಡಿಸ್ತಿದ್ದೆ."

"ಹಾಗಾದ್ರೆ ಲೋನಿ ಎಲ್ಲಿ?" ಫ್ರೌ ಮೆರ್ಟೆಸ್ ಚೀರಿದರು. ಹೆಣವಿಲ್ಲ ಎನ್ನುವುದು ಅವರಿಗೆ ಸಮಾಧಾನವೋ ನಿರಾಸೆಯೋ ದೇವರೇ ಬಲ್ಲ.

ಎರಡನೇ ಸಲ ಹೆರಿಬರ್ಟನೇ ಫೋನು ಮಾಡಿದ. ಕಚೇರಿಯವರ ಮೇಲೆ ಕೂಗಾಡಿದ, ಬೇಡಿಕೊಂಡ, ಕೊನೆಗೆ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ.

"ಅತ್ತೆ! ನಿಮ್ಮನ್ನ ಕೊಂದಿದ್ದಕ್ಕೆ ನನ್ನ ಹಿಡ್ಕೊಂಡು ಹೋಗ್ತಿದ್ದಾರೆ! ಬದುಕಿದ್ದೀನಿ ಅಂತ ಒಂದ್ಮಾತು ಹೇಳಿ!"

ಅಜ್ಜಿಯ ದನಿ ಬಂತು: "ಆ ಮೆರ್ಟೆಸ್ ಅಲ್ಲೇ ಇದ್ದಾಳಾ?"

"ಇದ್ದಾರೆ."

"ಹಾಗಾದ್ರೆ ನಾನು ಮಯೋರ್ಕಾದಲ್ಲಿದ್ದೀನಿ. ಸಮುದ್ರ ತುಂಬಾ ಚೆನ್ನಾಗಿದೆ."

ಹಿಂದಿನಿಂದ ಒಬ್ಬ ಹೆಂಗಸಿನ ದನಿ ಗಟ್ಟಿಯಾಗಿ ಬಂತು: "ಅಪೊಲೋನಿಯಾ, ಏಳಿ, ಸೊಂಟದ ವ್ಯಾಯಾಮಕ್ಕೆ ಹೊತ್ತಾಯ್ತು! ವಾಕರ್ ಹಿಡ್ಕೊಳ್ಳಿ!"

ಸಮುದ್ರ ಬತ್ತಿಹೋಯಿತು. ಫ್ರೌ ಮೆರ್ಟೆಸ್ ಫೋನಿನ ಹತ್ತಿರ ಬಂದರು.

"ಬಿದ್ದೆಯೇನೇ, ಲೋನಿ?"

ಆ ಕಡೆ ವಾಕರ್ ನೆಲಕ್ಕೆ ತಾಗಿದ ಸದ್ದು ಕೇಳಿಸಿತು.

"ಹೋದ ವರ್ಷ ಮಗಳ ಮನೆಗೆ ಹೋಗಿದ್ದೆ ಅಂದಿದ್ನಲ್ಲ, ಅದು ಸುಳ್ಳು. ಏಣಿಯಿಂದ ಬಿದ್ದು ಪಕ್ಕೆಲುಬು ಮುರ್ಕೊಂಡಿದ್ದೆ. ನಿನಗೆ ಗೊತ್ತಾಗ್ಬಾರ್ದು ಅಂತ."

"ಅಬ್ಬಾ" ಎಂದರು ಅಜ್ಜಿ. ಅವರ ದನಿಯಲ್ಲಿ ಸೆಪ್ಟೆಂಬರಿನಿಂದ ಇಲ್ಲದಿದ್ದ ಒಂದು ಗೆಲುವಿತ್ತು. "ಎಷ್ಟು ಪಕ್ಕೆಲುಬೇ?"

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಥೀಲೆನ್ ಮೂಗು ಒರೆಸಿಕೊಂಡು, "ನಾನು ಬಂದಿದ್ದು ಹೆಣಕ್ಕೆ. ಹೆಣ ಇಲ್ಲ. ಬೇರೆ ಏನೂ ನಾನು ನೋಡಿಲ್ಲ" ಎನ್ನುತ್ತಾ ತಾಡಪಾಲನ್ನು ಮತ್ತೆ ಹೊದಿಸಲು ಬಗ್ಗಿದ. ಫ್ರೌ ಮೆರ್ಟೆಸ್ ಕೂಡ, "ನನ್ನ ಕಣ್ಣು ಮೊದಲೇ ಮಂಜು" ಎಂದರು. ಒಂದು ಓಣಿಗೆ ಓಣಿಯೇ ಒಬ್ಬ ಮುದುಕಿಗಾಗಿ ಕುರುಡಾಗಲು ಒಪ್ಪಿದ ಪುಣ್ಯದ ಗಳಿಗೆ ಅದು.

ಆ ಗಳಿಗೆಗೇ ನನ್ನ ಹಾಲೆಂಡಿನವರು ಬಂದರು. ಕಾಫಿ ಕುಡಿದು ಮುಗಿಸಿದ್ದರು, ನಾನು ಬರಲಿಲ್ಲ, ಓಣಿಯಲ್ಲಿ ಪೊಲೀಸ್ ಕಾರು ಕಂಡಿತು, ಮಳೆ ಜೋರಾಯಿತು, ತೆರೆದ ಬಾಗಿಲಿನ ಹಿತ್ತಿಲಿನಲ್ಲಿ ದೊಡ್ಡ ಡೇರೆ, ಒಳಗೆ ರೋಮನ್ ಶಿರಸ್ತ್ರಾಣ ಹಾಕಿಕೊಂಡ ನಾನು. ಅವರಿಗೆ ಇನ್ನೇನು ಅನಿಸಬೇಕು? ಹನ್ನೆರಡು ಹಳದಿ ಮಳೆಯಂಗಿಗಳು ಸಾಲಾಗಿ ಡೇರೆಯೊಳಗೆ ನುಗ್ಗಿದವು. ಅವರಲ್ಲಿ ಉದ್ದ ಕುತ್ತಿಗೆಯ ಒಬ್ಬ ಇತಿಹಾಸದ ಮೇಷ್ಟ್ರು. ಥೀಲೆನನ ತೋಳಿನಡಿಯಿಂದ ಕುತ್ತಿಗೆ ತೂರಿಸಿದವರು ಕೂಗಿದ ಕೂಗಿಗೆ ಹೆಬ್ಬಾಗಿಲ ಮೇಲಿನ ಪಾರಿವಾಳಗಳೂ ಎದ್ದಿರಬೇಕು.

"ಬಿಸಿನೆಲ! ಅದೂ ಗಾರೆ ಸಮೇತ! ಇದು ಪುಸ್ತಕದಲ್ಲೇ ಇಲ್ವಲ್ಲಾ!"

ಹನ್ನೆರಡು ಫೋನುಗಳು ಮಿಂಚಿದವು. ಒಬ್ಬಾಕೆ ಹೆರಿಬರ್ಟನ ಕೈ ಕುಲುಕಿ, "ನೀವು ಎಂಥಾ ಪುಣ್ಯವಂತರು" ಎಂದಳು. ಹೆರಿಬರ್ಟ್ ಆಕೆಯ ಭುಜದ ಮೇಲೆ ತಲೆಯಿಟ್ಟು ಅತ್ತ. ಆನಂದಬಾಷ್ಪ ಎಂದುಕೊಂಡು ಆಕೆ ಅವನಿಗೆ ಒಂದು ಚೀಸಿನ ಚೂರು ಕೊಟ್ಟಳು.

ಪುರಾತತ್ವದವರು ಅಂದೇ ಮಧ್ಯಾಹ್ನ ಬಂದರು. ಮುಖ್ಯಸ್ಥೆ ಡಾಕ್ಟರ್ ವೀಬ್ಕೆ ಹಾರ್ಮ್‌ಸೆನ್, ಉತ್ತರದ ಕಡಲತೀರದವರು. ಮಾತು ಕಡಿಮೆ, ಬೂಟು ದೊಡ್ಡದು. ನೋಡಿದರು, ಹಗ್ಗ ಕಟ್ಟಿಸಿದರು. ಇಲ್ಲಿ ಕೊಳವೆ ಹಾಯುವಂತಿಲ್ಲ, ಈಗಲೂ ಇಲ್ಲ, ಎಂದೂ ಇಲ್ಲ ಎಂದರು. ಹೆರಿಬರ್ಟ್ ಹೂಂ ಎಂದ. ಪ್ಲಂಬರನ ನಂಬರ್ ಅಳಿಸಿದ. ಆಗಲೇ ಕೊಂಡು ತಂದಿದ್ದ ಹಸಿರು ಟೈಲ್ಸಿನ ಪೆಟ್ಟಿಗೆಯನ್ನು ಉಗ್ರಾಣದಲ್ಲಿ ಗೋಡೆಯ ಕಡೆ ಮುಖ ಮಾಡಿ ಇಟ್ಟ. ಆ ರಾತ್ರಿ ಅವನ ಮನೆಯಿಂದ ಯಾವ ಸದ್ದೂ ಬರಲಿಲ್ಲ. ಜಗಳಕ್ಕೆ ಇನ್ನೊಬ್ಬರು ಬೇಕು.

ಮರುದಿನ ಬೆಳಿಗ್ಗೆ ಒಂದು ಲಾರಿ ಬಂತು. ಲಾರಿಯಿಂದ ನೀಲಿ ಪ್ಲಾಸ್ಟಿಕ್ಕಿನ ಒಂದು ಗೂಡು ಇಳಿಯಿತು. ಕಾನೂನಿನ ಪ್ರಕಾರ ಅಗೆಯುವ ಕೆಲಸಗಾರರಿಗೆ ಶೌಚಾಲಯ ಕೊಡಲೇಬೇಕು. ಹಿತ್ತಿಲಿನಲ್ಲಿ ಸಮತಟ್ಟು ಜಾಗ ಇದ್ದದ್ದು ಒಂದೇ ಕಡೆ. ಗೂಡು ಬಂದು ಕೂತದ್ದು ಅಡಿಗೆಮನೆ ಬಾಗಿಲಿನ ಪಕ್ಕದಲ್ಲಿ, ನೆಲಮಟ್ಟದಲ್ಲಿ, ಒಂದು ಮೆಟ್ಟಿಲೂ ಇಲ್ಲದೆ.

ಹೆರಿಬರ್ಟ್ ಅಡಿಗೆಮನೆ ಕಿಟಕಿಯಿಂದ ಅದನ್ನು ನೋಡಿದ. ಕಾಫಿ ಕುಡಿದ. ಮತ್ತೆ ನೋಡಿದ. ಅವನ ತಲೆಯಲ್ಲಿ ಬಸ್ಸು ಒಂದು ಸರಿಯಾದ ದಾರಿಗೆ ತಿರುಗಿದ್ದು ಬಹುಶಃ ಅದೇ ಮೊದಲು.

ಸಮಾಜಸೇವಕಿ ತಿಂಗಳ ಕೊನೆಗೆ 'ಮುಗೀತಾ ಬಂದ' ಶೌಚಾಲಯವನ್ನು ನೋಡಲು ಬಂದರು. ನೀಲಿ ಗೂಡಿನ ಮುಂದೆ ನಿಂತು ನಿಟ್ಟುಸಿರು ಬಿಟ್ಟರು.

"ಹಸಿರು ಟೈಲ್ಸ್ ಅಂದಿದ್ರಿ."

"ನೀಲಿ ಸಿಕ್ತು."

"ಒಳಗೆ ಚಳಿ."

"ಬಿಸಿನೀರಿನ ಚೀಲ ಕೊಡ್ತೀನಿ."

ಸಮಾಜಸೇವಕಿ ಬಾಗಿಲು ತೆಗೆದು ಹಾಕಿ ಮಾಡಿದರು. ಹೆರಿಬರ್ಟನ ಮುಖ ನೋಡಿದರು. ಅವರಿಗೂ ಮನೆಯಲ್ಲಿ ತಾಯಿಯಿದ್ದರೆಂದು ಕಾಣುತ್ತದೆ. "ಒಳಗೆ ಎರಡು ಕಡೆ ಹಿಡಿಕೆ ಹಾಕ್ಸಿ. ಇದು ಇರೋವರೆಗೆ ಅವ್ರು ಇಲ್ಲಿರ್ಬಹುದು. ಎಲ್ಲಿವರೆಗೆ ಇರುತ್ತೆ?"

"ರೋಮ್ ಮುಗಿಯೋವರೆಗೆ" ಎಂದ ಹೆರಿಬರ್ಟ್.

ಅಜ್ಜಿ ಡಿಸೆಂಬರಿನ ಮೊದಲ ವಾರ ಮನೆಗೆ ಬಂದರು. ಮುಂದಿನ ಕೋಣೆಯಲ್ಲಿ ಹಾಸಿಗೆ. ಬೆಳಿಗ್ಗೆ ಕೆಲಸಗಾರರಿಗಿಂತ ಮೊದಲು, ಕೋಟಿನ ಮೇಲೆ ಶಾಲು, ಶಾಲಿನ ಮೇಲೆ ಕೊಡೆ, ವಾಕರ್ ತಳ್ಳುತ್ತಾ ಮಂಜಿನಲ್ಲಿ ಗೂಡಿಗೆ ಹೋಗುವರು. ಹಿಂದೆ ಹೆರಿಬರ್ಟ್, ಬಿಸಿನೀರಿನ ಚೀಲ ಹಿಡಿದು. ಹೋಗುವಾಗಲೂ ಜಗಳ, ಬರುವಾಗಲೂ ಜಗಳ.

"ನಾನೇನು ರಸ್ತೆ ಕೆಲಸಕ್ಕೆ ಬಂದಿರೋ ಕೂಲಿನೇನೋ, ನೀಲಿ ಡಬ್ಬೀಲಿ ಕೂರೋಕೆ?"

"ಮಯೋರ್ಕಾದಲ್ಲಿ ಇದೂ ಇರಲ್ವಂತೆ, ಅತ್ತೆ."

ಹಿಂದೆ ಏನೂ ಸಿಗದಿರಲಿ ಎಂದು ಬೇಡುತ್ತಿದ್ದವನು ಈಗ ದಿನವೂ ಹಗ್ಗದ ಬಳಿ ನಿಂತು ಕೇಳುವನು: "ಡಾಕ್ಟ್ರೇ, ಇವತ್ತೇನಾದ್ರೂ ಸಿಕ್ತಾ?" ಒಂದು ಮಡಕೆ ಚೂರು ಸಿಕ್ಕರೆ ಕೆಲಸಗಾರರಿಗೆಲ್ಲ ವೀಟ್ಸ್ ಹಂಚುವನು. ವೀಟ್ಸ್ ನಮ್ಮ ಸೇಬಿನ ಮದ್ಯ, ಎಷ್ಟು ಹುಳಿಯೆಂದರೆ ಕುಡಿದವರು ಇನ್ನಷ್ಟು ಆಳಕ್ಕೆ ಅಗೆಯುತ್ತಾರೆ. ಫ್ರೌ ಮೆರ್ಟೆಸ್ ಬೇಲಿಯಾಚೆಯಿಂದ, "ನನ್ನ ಕಡೆಗೂ ಸ್ವಲ್ಪ ಕೆರೀರಿ, ಲೋನಿಗೆ ಒಳ್ಳೇದಾಗ್ಲಿ" ಎನ್ನುವರು. ಈ ಊರಿನಲ್ಲಿ ಇಂಥ ಮಾತು ಈ ಮೊದಲು ಯಾರ ಬಾಯಿಂದಲೂ ಬಂದಿಲ್ಲ.

ಆದರೆ ಹಿತ್ತಿಲು ಚಿಕ್ಕದು. ಫೆಬ್ರವರಿಯ ಒಂದು ಬೂದುಬಣ್ಣದ ಬೆಳಿಗ್ಗೆ ವೀಬ್ಕೆ ಬೂಟಿನ ಕೆಸರು ಕೆರೆದುಕೊಂಡು ಅಡಿಗೆಮನೆಗೆ ಬಂದರು.

"ಮುಗೀತು. ಮರಳು ತುಂಬಿ ಮುಚ್ತೀವಿ. ಮಧ್ಯಾಹ್ನ ಲಾರಿ ಬಂದು ಗೂಡು ತಗೊಂಡು ಹೋಗುತ್ತೆ."

ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಅಜ್ಜಿ ಮುಂದಿನ ಕೋಣೆಯಿಂದ ಕೇಳಿದರು: "ಮಗಳೇ, ಆ ಬೇಲಿ ಕಡೆ ಮೂಲೇಲಿ ನೋಡಿದ್ರಾ?"

"ನೋಡಿದ್ವಿ, ಅಜ್ಜಿ. ಬರೀ ಮಣ್ಣು."

"ಇನ್ನೊಂದ್ಸಲ ನೋಡಿ."

"ಎರಡು ಸಲ ನೋಡಿದ್ವಿ."

ಅಜ್ಜಿ, ಜಗಳದ ದನಿಯಲ್ಲದ ಒಂದು ದನಿಯಲ್ಲಿ, "ಹೆರಿಬರ್ಟ್, ನನ್ನ ಕಂದು ಪೆಟ್ಟಿಗೆ ಅಟ್ಟದ ಮೇಲಿದೆ. ಇಳಿಸ್ಬಿಡು" ಎಂದರು.

ಹೆರಿಬರ್ಟ್ ಹೊರಗೆ ಹೋದ. ಪೆಟ್ಟಿಗೆಗೆ ಹೋದ ಎಂದುಕೊಂಡೆವು. ಬಂದಾಗ ಕೈಯಲ್ಲಿ ಗುದ್ದಲಿಯಿತ್ತು. ನಮ್ಮನ್ನು ದಾಟಿ ಅಡಿಗೆಮನೆಯ ನಡುವೆ ನಿಂತು, ಗುಡ್ರುನ್ ಮದುವೆಯಾಗಿ ಬಂದ ವರ್ಷ ಹಾಕಿಸಿದ್ದ ಕರಿಬಿಳಿ ಚೌಕಳಿಯ ನೆಲಕ್ಕೆ ಎತ್ತಿ ಹಾಕಿದ. ಟಣ್.

"ಹೆರ್ ಬಿಲೆನ್!"

"ಇದರ ಕೆಳಗೂ ಏನೋ ಇದೆ ಅನ್ಸುತ್ತೆ, ಡಾಕ್ಟ್ರೇ. ಯಾವಾಗ್ಲೂ ಅನ್ಸೋದು. ಹೇಳೋಕೆ ಹೆದರಿಕೆ ಇತ್ತು." ಟಣ್. "ನಾನಾಗೇ ಹೇಳ್ತಿದ್ದೀನಿ. ಬರ್ಕೊಳ್ಳಿ." ಟಣ್.

ಸಾಮ್ರಾಜ್ಯ ಬಿದ್ದ ಮೇಲೆ ನಮ್ಮೂರಿನಲ್ಲಿ ತಾನಾಗಿ ಕರೆದು 'ಬನ್ನಿ, ನನ್ನ ಮನೆಯಲ್ಲಿ ರೋಮ್ ಇದೆ' ಎಂದವನು ಇವನೊಬ್ಬನೇ. ನಾನು ತಡೆಯಲು ಹೋಗಲಿಲ್ಲ. ವೀಬ್ಕೆಯೂ ಹೋಗಲಿಲ್ಲ. ಲಾರಿ ಬರುವ ಹೊತ್ತಿಗೆ ಮೇಜಿನ ಜಾಗದಲ್ಲಿ ಮೊಣಕಾಲಾಳದ ಗುಂಡಿಯಾಗಿತ್ತು. ಹೆರಿಬರ್ಟ್ ಅದರೊಳಗೆ ಕೂತು ಕೈಯಿಂದ ಮಣ್ಣು ಕೆರೆಯುತ್ತಿದ್ದ. ಕೊನೆಗೆ ಒಂದು ಇಟ್ಟಿಗೆ ಚೂರು ಹೊರತೆಗೆದು ಎರಡೂ ಕೈಯಲ್ಲಿ ವೀಬ್ಕೆಗೆ ಒಪ್ಪಿಸಿದ.

ಇಷ್ಟು ವರ್ಷ ಇಟ್ಟಿಗೆ ತೋರಿಸಿ ಬದುಕಿದವನು ನಾನು. ಅದು ಯುದ್ಧದ ಬಾಂಬಿಗೆ ಬಿದ್ದ ಮನೆಗಳನ್ನು ಮತ್ತೆ ಕಟ್ಟಿದಾಗಿನ ಇಟ್ಟಿಗೆ. ಕಾರ್ಖಾನೆಯ ಮುದ್ರೆ ಅರ್ಧ ಹಾಗೇ ಇತ್ತು. ಕುರುಡನೂ ಹೇಳುತ್ತಿದ್ದ.

ವೀಬ್ಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುದ್ರೆಯ ಮೇಲೆ ಹೆಬ್ಬೆರಳು ಇಟ್ಟರು, ಅಲ್ಲೇ ಬಿಟ್ಟರು. ಮುಂದಿನ ಕೋಣೆಯಲ್ಲಿ ಮಂಚದ ತುದಿಗೆ ಕೂತು ವಾಕರ್ ಹಿಡಿದುಕೊಂಡಿದ್ದ ಅಜ್ಜಿಯ ಕಡೆ ನೋಡಿದರು. ಹೊರಗೆ ಲಾರಿಯವನು ಹಾರ್ನ್ ಹಾಕಿದ.

"ಮೂರನೇ ಶತಮಾನ ಇರಬಹುದು" ಎಂದರು. "ಅವಸರದಲ್ಲಿ ಹೇಳೋಕಾಗಲ್ಲ. ಬೇಸಿಗೆವರೆಗೂ ನೋಡ್ಬೇಕು." ಬಾಗಿಲಿಗೆ ಹೋಗಿ ಲಾರಿಯವನಿಗೆ ಕೈ ಬೀಸಿದರು. "ನೀನು ಹೋಗಪ್ಪಾ. ಗೂಡು ಇಲ್ಲೇ ಇರ್ಲಿ."

ಹೆರಿಬರ್ಟ್ ಗುಂಡಿಯಲ್ಲೇ ಕೂತಿದ್ದ. ಅವನ ಸುತ್ತ ಚೌಕಳಿಯ ಚೂರುಗಳು. ನೀರಿನ ಕೊಳವೆ ಬಾಗಿತ್ತು. ಒಲೆ ಒಂದು ಕಾಲನ್ನು ಗುಂಡಿಗೆ ಇಳಿಬಿಟ್ಟು ಕುಂಟುತ್ತಾ ನಿಂತಿತ್ತು. ಲಾರಿ ಓಣಿಯ ತಿರುವು ದಾಟಿತು.

ಆಮೇಲೆ ಮುಂದಿನ ಕೋಣೆಯಿಂದ ಅಜ್ಜಿಯ ದನಿ ಬಂತು, ಹಳೆಯ ದನಿ, ಜಗಳದ್ದು.

"ಎಲ್ಲಾ ಸರಿ ಕಣೋ, ಮಹಾರಾಯ. ರಾತ್ರಿಗೆ ಆಲೂಗಡ್ಡೆ ಎಲ್ಲಿ ಬೇಯಿಸ್ತೀಯ?"

ಹೆರಿಬರ್ಟ್ ಒಲೆಯ ಕಡೆ ನೋಡಿದ. ಅದನ್ನು ಅವನು ಯೋಚಿಸಿರಲಿಲ್ಲ.